ಕನ್ನಡ ಪುಸ್ತಕಗಳ ನೇರ ಮಾರಾಟ ಮತ್ತು ಕೃತಕ ಬುದ್ಧಿಮತ್ತೆ

ಕನ್ನಡ ಪುಸ್ತಕಗಳ ನೇರ ಮಾರಾಟ ಎಂದರೆ ಲೇಖಕರು ಅಥವಾ ಸಣ್ಣ ಪ್ರಕಾಶಕರು ದೊಡ್ಡ ಆನ್‌ಲೈನ್ ಮಳಿಗೆಗಳನ್ನು ಅವಲಂಬಿಸದೆ ತಮ್ಮ ಪುಸ್ತಕಗಳನ್ನು ಓದುಗರಿಗೆ ತಾವೇ ತಲುಪಿಸುವ ಪದ್ಧತಿ. 2023ರ ನಂತರ ಅಮೆರಿಕ ಮತ್ತು ಯುರೋಪಿನಲ್ಲಿ ಹಲವು ಸ್ವತಂತ್ರ ಲೇಖಕರೂ ಓದುಗರೂ ಕೃತಕ ಬುದ್ಧಿಮತ್ತೆಯ ಕಾರಣವನ್ನು ಮುಂದಿಟ್ಟು ಅಮೆಜಾನ್‌ನಂತಹ ಮಳಿಗೆಗಳಿಂದ ದೂರ ಸರಿಯತೊಡಗಿದರು. ಯಂತ್ರರಚಿತ ಪುಸ್ತಕಗಳ ಹಾವಳಿ, ಅನುಮತಿಯಿಲ್ಲದೆ ಪುಸ್ತಕಗಳನ್ನು ಯಂತ್ರದ ತರಬೇತಿಗೆ ಬಳಸಿದ್ದು, ಹಣ ಕೊಟ್ಟು ಕೊಂಡ ಇ-ಪುಸ್ತಕದ ಮೇಲೆ ಓದುಗನಿಗೆ ಹಿಡಿತವಿಲ್ಲದಿರುವುದು ಇದಕ್ಕೆ ಮುಖ್ಯ ಕಾರಣಗಳು. ಕನ್ನಡದಲ್ಲಿ ಈ ಬೆಳವಣಿಗೆ ಬೇರೆ ದಾರಿಯಲ್ಲಿ ನಡೆದಿದೆ. ದೊಡ್ಡ ಮಳಿಗೆಗಳು ಕನ್ನಡವನ್ನು ಪೂರ್ಣವಾಗಿ ಒಳಗೆ ಬಿಟ್ಟುಕೊಳ್ಳುವ ಮೊದಲೇ ಕನ್ನಡದ ಲೇಖಕರು ಮತ್ತು ಪ್ರಕಾಶಕರು ತಮ್ಮದೇ ವ್ಯವಸ್ಥೆಗಳನ್ನು ಕಟ್ಟಿಕೊಂಡಿದ್ದರು.

ಹಿನ್ನೆಲೆ

ಲೇಖಕನೇ ಮಾರಾಟಗಾರನಾಗುವುದು ಕನ್ನಡಕ್ಕೆ ಹೊಸದಲ್ಲ. ಕಾದಂಬರಿ ಪಿತಾಮಹರೆಂದು ಪ್ರಸಿದ್ಧರಾದ ಗಳಗನಾಥರು (ವೆಂಕಟೇಶ ತಿರಕೋ ಕುಲಕರ್ಣಿ, 1869–1942) ತಮ್ಮ ಪುಸ್ತಕಗಳ ಗಂಟನ್ನು ತಲೆಯ ಮೇಲೆ ಹೊತ್ತು ಊರೂರು ಅಲೆದು ಮಾರಿದರು. ಮರಾಠಿಯ ಪ್ರಭಾವ ಗಾಢವಾಗಿದ್ದ ಅಂದಿನ ಮುಂಬಯಿ ಕರ್ನಾಟಕದಲ್ಲಿ ಕನ್ನಡ ಓದುವವರನ್ನು ಹುಡುಕಿ ಹೋಗಬೇಕಾಗಿತ್ತು. ಅವರು ತಾವಾಗಿ ಅಂಗಡಿಗೆ ಬರುತ್ತಿರಲಿಲ್ಲ, ಬರಲು ಅಂಗಡಿಯೂ ಇರಲಿಲ್ಲ. ಮರಾಠಿಯ ಹರಿ ನಾರಾಯಣ ಆಪಟೆಯವರ ಕಾದಂಬರಿಗಳನ್ನು ಕನ್ನಡಕ್ಕೆ ತಂದ ಗಳಗನಾಥರು ಆ ಓದುಗ ವರ್ಗವನ್ನು ತಾವೇ ಸೃಷ್ಟಿಸಿದರು ಎಂದರೆ ಅತಿಶಯೋಕ್ತಿಯಾಗದು.

1933ರಲ್ಲಿ ಧಾರವಾಡದಲ್ಲಿ ಜಿ. ಬಿ. ಜೋಶಿ (ಜಡಭರತ) ಅವರು ಕಟ್ಟಿದ ಮನೋಹರ ಗ್ರಂಥಮಾಲೆ ಇದೇ ಕೆಲಸವನ್ನು ಚಂದಾ ಪದ್ಧತಿಯ ಮೂಲಕ ಮಾಡಿತು. ಓದುಗರು ವರ್ಷದ ಚಂದಾ ಕಟ್ಟಿದರೆ ಪುಸ್ತಕಗಳು ಅಂಚೆಯಲ್ಲಿ ಮನೆಗೆ ಬರುತ್ತಿದ್ದವು. ಹಣ ಮುಂಚಿತವಾಗಿ ಕೈಸೇರುತ್ತಿದ್ದುದರಿಂದ ಹೊಸ ಲೇಖಕರನ್ನು ಅಚ್ಚು ಹಾಕುವ ಧೈರ್ಯ ಸಂಸ್ಥೆಗೆ ಬರುತ್ತಿತ್ತು. ಗಿರೀಶ ಕಾರ್ನಾಡರ ಮೊದಲ ನಾಟಕ 'ಯಯಾತಿ' 1961ರಲ್ಲಿ ಇಲ್ಲಿಂದಲೇ ಹೊರಬಂದಿತು. ಇಂದಿನ 'ಮುಂಗಡ ಬುಕಿಂಗ್' ಎಂಬ ಪದ್ಧತಿಗೂ ಈ ಚಂದಾ ಪದ್ಧತಿಗೂ ತತ್ತ್ವದಲ್ಲಿ ಹೆಚ್ಚಿನ ವ್ಯತ್ಯಾಸವಿಲ್ಲ.

ಲೇಖಕರ ಸ್ವಂತ ಪ್ರಕಾಶನಗಳೂ ಈ ಪರಂಪರೆಯ ಭಾಗವೇ. ಕುವೆಂಪು ಅವರ ಕೃತಿಗಳು ಉದಯರವಿ ಪ್ರಕಾಶನದಿಂದಲೂ ಜಿ. ಪಿ. ರಾಜರತ್ನಂ ಅವರ ಕೃತಿಗಳು ಶಾಕ್ಯ ಸಾಹಿತ್ಯ ಮಂಟಪದಿಂದಲೂ ಬಂದವು. ಪೂರ್ಣಚಂದ್ರ ತೇಜಸ್ವಿಯವರ ಪುಸ್ತಕಗಳ ಮೇಲೆ 'ಪುಸ್ತಕ ಪ್ರಕಾಶನ' ಎಂಬ ಹೆಸರು ಕಾಣುತ್ತದೆ. ಕಥೆಗಾರ ವಸುಧೇಂದ್ರ ಅವರು ಸ್ಥಾಪಿಸಿದ ಛಂದ ಪುಸ್ತಕ ಪ್ರಕಾಶನವು ಅವರ ಸ್ವಂತ ಕೃತಿಗಳ ಜೊತೆಗೆ ಹೊಸ ಕಥೆಗಾರರ ಮೊದಲ ಸಂಕಲನಗಳನ್ನೂ ಪ್ರಕಟಿಸುತ್ತ ಬಂದಿದೆ.

ಆನ್‌ಲೈನ್ ಮಳಿಗೆಗಳ ಆಗಮನ

ಫ್ಲಿಪ್‌ಕಾರ್ಟ್ ಸಂಸ್ಥೆ 2007ರಲ್ಲಿ ಬೆಂಗಳೂರಿನಲ್ಲಿ ಆರಂಭವಾದಾಗ ಮಾರುತ್ತಿದ್ದುದು ಪುಸ್ತಕಗಳನ್ನು ಮಾತ್ರ. ಅಮೆಜಾನ್ ಭಾರತದಲ್ಲಿ ತನ್ನ ಮಳಿಗೆಯನ್ನು 2013ರ ಜೂನ್‌ನಲ್ಲಿ ತೆರೆದಾಗಲೂ ಪುಸ್ತಕ ಮತ್ತು ಚಲನಚಿತ್ರಗಳಿಂದಲೇ ಆರಂಭಿಸಿತು. ಜಿಲ್ಲಾ ಕೇಂದ್ರಕ್ಕೆ ಹೋಗದೆ ಪುಸ್ತಕ ಸಿಗುವಂತಾದದ್ದು ಹಳ್ಳಿಯ ಓದುಗರಿಗೆ ನಿಜವಾದ ಅನುಕೂಲವಾಗಿತ್ತು, ಇದನ್ನು ಅಲ್ಲಗಳೆಯುವಂತಿಲ್ಲ.

ಆದರೆ ಒಂದೇ ಬಾಗಿಲನ್ನು ನಂಬಿದರೆ ಆಗುವ ತೊಂದರೆಗಳೂ ಬೇಗನೆ ಕಂಡುಬಂದವು. ಫ್ಲಿಪ್‌ಕಾರ್ಟ್ ತನ್ನ ಇ-ಪುಸ್ತಕ ವಿಭಾಗವನ್ನು 2015ರ ಕೊನೆಯಲ್ಲಿ ಮುಚ್ಚಿ, ಗ್ರಾಹಕರ ಪುಸ್ತಕಗಳನ್ನು ಕೋಬೋ ಎಂಬ ವಿದೇಶಿ ಸಂಸ್ಥೆಗೆ ವರ್ಗಾಯಿಸಿತು. ಅಮೆಜಾನ್ ತಾನು ಕೊಂಡಿದ್ದ ವೆಸ್ಟ್‌ಲ್ಯಾಂಡ್ ಎಂಬ ಭಾರತೀಯ ಪ್ರಕಾಶನವನ್ನು ಮುಚ್ಚುವುದಾಗಿ 2022ರ ಫೆಬ್ರವರಿಯಲ್ಲಿ ಪ್ರಕಟಿಸಿದಾಗ, ಅದರ ಲೇಖಕರ ಪುಸ್ತಕಗಳು ಕೆಲವೇ ವಾರಗಳಲ್ಲಿ ಮಾರಾಟದಿಂದ ಮರೆಯಾಗುವ ಸ್ಥಿತಿ ಒದಗಿತು. ಆ ತಂಡ ಬಳಿಕ ಬೇರೊಂದು ಸಂಸ್ಥೆಯ ಆಶ್ರಯದಲ್ಲಿ ಮತ್ತೆ ಕೆಲಸ ಆರಂಭಿಸಿತು.

ಕನ್ನಡದ ಮಟ್ಟಿಗೆ ಇನ್ನೂ ಮುಖ್ಯವಾದ ಸಂಗತಿ ಕಿಂಡಲ್‌ಗೆ ಸಂಬಂಧಿಸಿದ್ದು. ಅಮೆಜಾನ್ 2016ರ ಡಿಸೆಂಬರ್‌ನಲ್ಲಿ ಕಿಂಡಲ್‌ನಲ್ಲಿ ಭಾರತೀಯ ಭಾಷೆಗಳ ಪುಸ್ತಕಗಳಿಗೆ ಅವಕಾಶ ಕಲ್ಪಿಸಿದಾಗ ಹಿಂದಿ, ತಮಿಳು, ಮರಾಠಿ, ಗುಜರಾತಿ ಮತ್ತು ಮಲಯಾಳಂ ಎಂಬ ಐದು ಭಾಷೆಗಳಷ್ಟೇ ಆ ಪಟ್ಟಿಯಲ್ಲಿದ್ದವು. ಕನ್ನಡ ಇರಲಿಲ್ಲ. ಹೀಗೆ ಮರಾಠಿಯ ಲೇಖಕನೊಬ್ಬ ಮನೆಯಲ್ಲಿ ಕುಳಿತು ತನ್ನ ಕಾದಂಬರಿಯನ್ನು ಜಗತ್ತಿನ ಅತಿ ದೊಡ್ಡ ಇ-ಪುಸ್ತಕ ಮಳಿಗೆಗೆ ಏರಿಸಬಹುದಾಗಿದ್ದ ಕಾಲದಲ್ಲಿ ಗಡಿಯ ಈಚೆಗಿನ ಕನ್ನಡ ಲೇಖಕನಿಗೆ ಆ ಅವಕಾಶವಿರಲಿಲ್ಲ. ಕನ್ನಡ ಓದುಗರು ಇದನ್ನು ಹಲವು ಬಾರಿ ಪ್ರತಿಭಟಿಸಿದರು. ಕನ್ನಡಕ್ಕೆ ತನ್ನದೇ ಇ-ಪುಸ್ತಕ ವೇದಿಕೆಗಳು ಹುಟ್ಟಲು ಈ ಕೊರತೆಯೂ ಒಂದು ಪ್ರೇರಣೆಯಾಯಿತು.

ಕೃತಕ ಬುದ್ಧಿಮತ್ತೆಯಿಂದ ಎದ್ದ ಆಕ್ಷೇಪಗಳು

2022ರ ನವೆಂಬರ್‌ನಲ್ಲಿ ಚಾಟ್‌ಜಿಪಿಟಿ ಸಾರ್ವಜನಿಕರಿಗೆ ದೊರೆತ ಮೇಲೆ, ಕೆಲವೇ ಗಂಟೆಗಳಲ್ಲಿ ಪುಸ್ತಕವೊಂದನ್ನು ತಯಾರಿಸಿ ಮಾರಾಟಕ್ಕಿಡುವುದು ಸಾಧ್ಯವಾಯಿತು. 2023ರ ಆಗಸ್ಟ್‌ನಲ್ಲಿ ಅಮೆರಿಕದ ಲೇಖಕಿ ಜೇನ್ ಫ್ರೀಡ್‌ಮನ್ ತಾವು ಬರೆಯದ ಪುಸ್ತಕಗಳು ತಮ್ಮ ಹೆಸರಿನಲ್ಲಿ ಅಮೆಜಾನ್‌ನಲ್ಲಿ ಮಾರಾಟವಾಗುತ್ತಿರುವುದನ್ನು ಬಯಲಿಗೆಳೆದರು. ವಿಷಯ ಸಾರ್ವಜನಿಕವಾದ ಬಳಿಕವೇ ಅವುಗಳನ್ನು ತೆಗೆಯಲಾಯಿತು. ಮರುತಿಂಗಳು ಅಮೆಜಾನ್ ಎರಡು ನಿಯಮಗಳನ್ನು ತಂದಿತು: ಸ್ವಯಂ ಪ್ರಕಾಶನ ಮಾಡುವವರು ಯಂತ್ರರಚಿತ ಪಠ್ಯ ಅಥವಾ ಚಿತ್ರವಿದ್ದರೆ ಸಂಸ್ಥೆಗೆ ತಿಳಿಸಬೇಕು, ಒಬ್ಬರು ದಿನಕ್ಕೆ ಮೂರಕ್ಕಿಂತ ಹೆಚ್ಚು ಹೊಸ ಪುಸ್ತಕಗಳನ್ನು ಏರಿಸುವಂತಿಲ್ಲ. ಮೊದಲ ನಿಯಮದಂತೆ ಕೊಟ್ಟ ಮಾಹಿತಿ ಸಂಸ್ಥೆಯಲ್ಲೇ ಉಳಿಯುತ್ತದೆ, ಕೊಳ್ಳುವ ಓದುಗನಿಗೆ ಕಾಣುವುದಿಲ್ಲ. ದಿನಕ್ಕೆ ಮೂರು ಪುಸ್ತಕ ಎಂಬ ಮಿತಿಯೇ ಪರಿಸ್ಥಿತಿ ಎಲ್ಲಿಗೆ ಮುಟ್ಟಿತ್ತೆಂಬುದನ್ನು ಹೇಳುತ್ತದೆ. ಅಮೆರಿಕದ ಲೇಖಕರ ಸಂಘವಾದ ಆಥರ್ಸ್ ಗಿಲ್ಡ್ 2025ರ ಜನವರಿಯಲ್ಲಿ 'ಮಾನವರಚಿತ' ಎಂಬ ಪ್ರಮಾಣಮುದ್ರೆಯನ್ನು ಜಾರಿಗೆ ತಂದಿತು.

ಎರಡನೆಯ ಆಕ್ಷೇಪ ತರಬೇತಿಯದು. ಲಿಬ್‌ಜೆನ್ ಎಂಬ ಕಳ್ಳಪ್ರತಿಗಳ ಭಂಡಾರದಲ್ಲಿನ ಲಕ್ಷಾಂತರ ಪುಸ್ತಕಗಳನ್ನು ಮೆಟಾ ಸಂಸ್ಥೆ ಬಳಸಿಕೊಂಡದ್ದು ನ್ಯಾಯಾಲಯದ ದಾಖಲೆಗಳಿಂದ ಹೊರಬಿದ್ದಿತು. ಆಂಥ್ರೊಪಿಕ್ ಸಂಸ್ಥೆಯ ವಿರುದ್ಧ ಲೇಖಕರು ಹೂಡಿದ ದಾವೆಯಲ್ಲಿ 2025ರ ಜೂನ್‌ನಲ್ಲಿ ನ್ಯಾಯಾಧೀಶರು, ಕೊಂಡ ಪುಸ್ತಕಗಳಿಂದ ತರಬೇತಿ ನೀಡುವುದು ನ್ಯಾಯಯುತ ಬಳಕೆ, ಆದರೆ ಕಳ್ಳಪ್ರತಿಗಳನ್ನು ಇಳಿಸಿಕೊಂಡು ಭಂಡಾರ ಮಾಡಿಟ್ಟುಕೊಳ್ಳುವುದು ಹಾಗಲ್ಲ ಎಂದು ತೀರ್ಪಿತ್ತರು. ಪ್ರಕರಣ 150 ಕೋಟಿ ಡಾಲರುಗಳ ರಾಜಿಯಲ್ಲಿ ಮುಗಿಯುವ ಹಂತಕ್ಕೆ ಬಂದಿತು. ಪುಸ್ತಕವೊಂದಕ್ಕೆ ಸುಮಾರು 3000 ಡಾಲರು. ಅಮೆರಿಕದ ಹಕ್ಕುಸ್ವಾಮ್ಯ ಕಚೇರಿಯಲ್ಲಿ ನಿಗದಿತ ಅವಧಿಯೊಳಗೆ ನೋಂದಣಿಯಾದ ಪುಸ್ತಕಗಳಿಗೆ ಮಾತ್ರ ಈ ಪರಿಹಾರ ಅನ್ವಯಿಸುತ್ತದೆ. ಧಾರವಾಡದಲ್ಲೋ ಮೈಸೂರಿನಲ್ಲೋ ಅಚ್ಚಾದ ಪುಸ್ತಕವನ್ನು ವಾಷಿಂಗ್ಟನ್‌ನಲ್ಲಿ ನೋಂದಾಯಿಸುವ ಯೋಚನೆ ಸಾಮಾನ್ಯವಾಗಿ ಯಾವ ಕನ್ನಡ ಪ್ರಕಾಶಕನಿಗೂ ಬರುವಂಥದ್ದಲ್ಲ.

ಮೂರನೆಯದು ಓದುಗರ ಅಸಮಾಧಾನ. ಕೊಂಡ ಇ-ಪುಸ್ತಕವನ್ನು ಗಣಕಯಂತ್ರಕ್ಕೆ ಇಳಿಸಿಕೊಂಡು ತಂತಿಯ ಮೂಲಕ ಓದುಸಾಧನಕ್ಕೆ ವರ್ಗಾಯಿಸುವ ಸೌಲಭ್ಯವನ್ನು ಅಮೆಜಾನ್ 2025ರ ಫೆಬ್ರವರಿ 26ರಂದು ನಿಲ್ಲಿಸಿತು. ಓದುಗ ಕೊಂಡದ್ದು ಪುಸ್ತಕವನ್ನಲ್ಲ, ಓದುವ ಪರವಾನಗಿಯನ್ನು ಮಾತ್ರ ಎಂಬುದು ಆಗ ಹಲವರಿಗೆ ಮನದಟ್ಟಾಯಿತು. ಅದೇ ವರ್ಷದ ಜನವರಿಯಲ್ಲಿ, ಸ್ಥಳೀಯ ಪುಸ್ತಕದಂಗಡಿಗಳಿಗೆ ಲಾಭದ ಪಾಲು ಕೊಡುವ ಅಮೆರಿಕದ ಬುಕ್‌ಶಾಪ್ ಎಂಬ ಜಾಲತಾಣ ಇ-ಪುಸ್ತಕಗಳ ಮಾರಾಟವನ್ನು ಆರಂಭಿಸಿತ್ತು; ಕಿಂಡಲ್ ತೊರೆದ ಓದುಗರಲ್ಲಿ ಒಂದು ಭಾಗ ಅತ್ತ ಹೋಯಿತು. ಲೇಖಕರಿಗೆ ಇಷ್ಟು ಸುಲಭವಿರಲಿಲ್ಲ. ಕಿಂಡಲ್‌ನ ಮಾಸಿಕ ಚಂದಾ ಯೋಜನೆಗೆ ಸೇರಿದ ಪುಸ್ತಕದ ಡಿಜಿಟಲ್ ಆವೃತ್ತಿಯನ್ನು ಆ 90 ದಿನಗಳ ಅವಧಿಯಲ್ಲಿ ಲೇಖಕ ಬೇರೆಲ್ಲೂ ಮಾರುವಂತಿಲ್ಲ, ತನ್ನ ಸ್ವಂತ ಜಾಲತಾಣದಲ್ಲೂ ಕೂಡ.

ಕನ್ನಡ ಪಠ್ಯದ ಸ್ಥಿತಿ

ಮಳಿಗೆಯಿಂದ ಹೊರಗಿದ್ದರೆ ಪುಸ್ತಕ ಯಂತ್ರದ ಕೈಗೆ ಸಿಗುವುದಿಲ್ಲ ಎಂಬ ನಂಬಿಕೆ ಪೂರ್ತಿ ಸರಿಯಲ್ಲ. ಇಂಗ್ಲಿಷಿಗೆ ಹೋಲಿಸಿದರೆ ಅಂತರಜಾಲದಲ್ಲಿ ಕನ್ನಡ ಪಠ್ಯ ಬಹಳ ಕಡಿಮೆ. ಆದ್ದರಿಂದಲೇ ಇರುವ ಪಠ್ಯಕ್ಕೆ ಬೇಡಿಕೆ ಹೆಚ್ಚು, ಪುಸ್ತಕಗಳಿಗಂತೂ ಇನ್ನೂ ಹೆಚ್ಚು. ಮದ್ರಾಸ್ ಐಐಟಿಯ ಎಐ4ಭಾರತ್ ಬಳಗ 2024ರಲ್ಲಿ ಪ್ರಕಟಿಸಿದ 'ಸಂಗ್ರಹ' ಎಂಬ ದತ್ತಕೋಶದಲ್ಲಿ 22 ಭಾರತೀಯ ಭಾಷೆಗಳ ಪಠ್ಯವಿದೆ. ಜಾಲತಾಣಗಳ ಬರಹದ ಜೊತೆಗೆ, ಇಂಟರ್ನೆಟ್ ಆರ್ಕೈವ್‌ನಂತಹ ಭಂಡಾರಗಳ ಪಿಡಿಎಫ್ ಕಡತಗಳಿಂದ ಯಂತ್ರದ ಮೂಲಕ ಓದಿಸಿ ತೆಗೆದ ಪಠ್ಯವೂ ಅದರಲ್ಲಿ ಸೇರಿದೆ. ಆ ಉದ್ದೇಶ ಲಾಭದ್ದಲ್ಲ, ಭಾರತೀಯ ಭಾಷೆಗಳು ಹಿಂದೆ ಬೀಳದಿರಲಿ ಎಂಬುದು. ಕನ್ನಡವನ್ನು ಚೆನ್ನಾಗಿ ಬಲ್ಲ ಯಂತ್ರ ಬೇಕು ಎಂಬ ಆಸೆ ಮತ್ತು ಕನ್ನಡದ ಲೇಖಕನನ್ನು ಕೇಳದೆ ಅವನ ಪುಸ್ತಕ ತೆಗೆದುಕೊಳ್ಳಬಾರದು ಎಂಬ ನ್ಯಾಯ ಇವೆರಡೂ ಇಲ್ಲಿ ಎದುರುಬದುರು ನಿಲ್ಲುತ್ತವೆ.

ಒಂದು ಸ್ವಾರಸ್ಯದ ಸಂಗತಿಯನ್ನು ಇಲ್ಲಿ ಹೇಳಬಹುದು. ಎರಡು ದಶಕಗಳ ಹಿಂದೆ ಕನ್ನಡ ಪುಸ್ತಕಗಳ ಅಕ್ಷರಜೋಡಣೆ ನುಡಿ, ಬರಹ ಮುಂತಾದ ತಂತ್ರಾಂಶಗಳ ಯೂನಿಕೋಡೇತರ ಫಾಂಟುಗಳಲ್ಲಿ ನಡೆಯುತ್ತಿತ್ತು. ಅಂತಹ ಕಡತವನ್ನು ಫಾಂಟ್ ಇಲ್ಲದ ಯಂತ್ರದಲ್ಲಿ ತೆರೆದರೆ ಅರ್ಥವಿಲ್ಲದ ರೋಮನ್ ಅಕ್ಷರಗಳ ಸಾಲು ಕಾಣುತ್ತಿತ್ತು. ಇದರಿಂದ ಇ-ಪುಸ್ತಕ ಮಾಡುವವರಿಗೆ ಬಹಳ ತೊಂದರೆಯಾಯಿತು; ಪಠ್ಯ ಬಾಚಿಕೊಳ್ಳುವ ಯಂತ್ರಗಳಿಗೂ ಅಷ್ಟೇ ತೊಂದರೆಯಾಗಿರಬೇಕು. ಈಗ ಮುದ್ರಿತ ಕನ್ನಡ ಪುಟವನ್ನೇ ಓದಬಲ್ಲ ತಂತ್ರಾಂಶಗಳು ಬಂದಿರುವುದರಿಂದ ಆ ಗೋಡೆ ಉಳಿದಿಲ್ಲ. ವಾಟ್ಸ್‌ಆ್ಯಪ್ ಮತ್ತು ಟೆಲಿಗ್ರಾಂ ಗುಂಪುಗಳಲ್ಲಿ ಹರಿದಾಡುವ ಕನ್ನಡ ಪುಸ್ತಕಗಳ ಪಿಡಿಎಫ್‌ಗಳು ಲೇಖಕರಿಗೆ ಹಳೆಯ ತಲೆನೋವು.

ಇದಕ್ಕೆ ವಿರುದ್ಧ ದಿಕ್ಕಿನ ಉದಾಹರಣೆಯೂ ಕನ್ನಡದಲ್ಲಿದೆ. ಕಾದಂಬರಿಕಾರ ನಿರಂಜನ ಅವರ ಕೃತಿಗಳನ್ನು ಅವರ ಕುಟುಂಬದವರು 2014ರಲ್ಲಿ ಕ್ರಿಯೇಟಿವ್ ಕಾಮನ್ಸ್ ಪರವಾನಗಿಯಡಿ ಮುಕ್ತಗೊಳಿಸಿದರು. ಕೃತಿಕಾರನ ಹೆಸರನ್ನು ಹೇಳಿ ಯಾರು ಬೇಕಾದರೂ ಬಳಸಬಹುದು ಎಂಬುದು ಆ ಪರವಾನಗಿಯ ಷರತ್ತು. ಯಂತ್ರ ಉತ್ತರ ಕೊಡುವಾಗ ಯಾರ ವಾಕ್ಯದಿಂದ ಏನು ಕಲಿತೆನೆಂದು ಹೇಳುವ ರೂಢಿಯಿಲ್ಲದಿರುವುದರಿಂದ, ಉದಾರವಾಗಿ ಕೊಟ್ಟವರಿಗೆ ಸಲ್ಲಬೇಕಾದ ಅಷ್ಟು ಮನ್ನಣೆಯೂ ಸಲ್ಲುವುದು ಅನುಮಾನ.

ಭಾರತದ 1957ರ ಹಕ್ಕುಸ್ವಾಮ್ಯ ಕಾಯ್ದೆಯಂತೆ ಲೇಖಕನ ಮರಣಾನಂತರ 60 ವರ್ಷಗಳವರೆಗೆ ಹಕ್ಕು ಉಳಿಯುತ್ತದೆ, ನೋಂದಣಿ ಕಡ್ಡಾಯವಲ್ಲ. ಯಂತ್ರದ ತರಬೇತಿಯ ಬಗ್ಗೆ ಕಾಯ್ದೆಯಲ್ಲಿ ನೇರ ಉಲ್ಲೇಖವಿಲ್ಲ. ಎಎನ್ಐ ಸುದ್ದಿಸಂಸ್ಥೆ 2024ರ ನವೆಂಬರ್‌ನಲ್ಲಿ ಓಪನ್‌ಎಐ ವಿರುದ್ಧ ದೆಹಲಿ ಉಚ್ಚ ನ್ಯಾಯಾಲಯದಲ್ಲಿ ದಾವೆ ಹೂಡಿತು. ಭಾರತೀಯ ಪ್ರಕಾಶಕರ ಒಕ್ಕೂಟವೂ ಅದರಲ್ಲಿ ಮಧ್ಯಪ್ರವೇಶಕ್ಕೆ ಅರ್ಜಿ ಸಲ್ಲಿಸಿತು. ಕೇಂದ್ರ ಸರ್ಕಾರದ ಕೈಗಾರಿಕೆ ಮತ್ತು ಆಂತರಿಕ ವ್ಯಾಪಾರ ಉತ್ತೇಜನ ಇಲಾಖೆಯ ಸಮಿತಿ 2025ರ ಡಿಸೆಂಬರ್‌ನಲ್ಲಿ ಪ್ರಕಟಿಸಿದ ಚರ್ಚಾಪತ್ರ ಕಡ್ಡಾಯ ಪರವಾನಗಿಯನ್ನು ಸೂಚಿಸಿತು: ಕಂಪನಿಗಳು ಕಾನೂನುಬದ್ಧವಾಗಿ ದೊರೆತ ಕೃತಿಗಳನ್ನು ತರಬೇತಿಗೆ ಬಳಸಬಹುದು, ಪ್ರತಿಯಾಗಿ ಕೇಂದ್ರೀಯ ಸಂಸ್ಥೆಯೊಂದರ ಮೂಲಕ ಗೌರವಧನ ಸಲ್ಲಿಸಬೇಕು. 'ಕೊಡುವುದಿಲ್ಲ' ಎನ್ನುವ ಆಯ್ಕೆ ಈ ಪ್ರಸ್ತಾವದಲ್ಲಿ ಲೇಖಕನಿಗೆ ಇಲ್ಲ. ಲೇಖಕನು ದೊಡ್ಡ ಮಳಿಗೆಯನ್ನು ತೊರೆದು ತನ್ನ ಪುಸ್ತಕವನ್ನು ತಾನೇ ಮಾರಿದರೂ ಈ ಮಾತು ಬದಲಾಗುವುದಿಲ್ಲ.

ಪರ್ಯಾಯ ವ್ಯವಸ್ಥೆಗಳು

2020ರಲ್ಲಿ ಆರಂಭವಾದ ಮೈಲ್ಯಾಂಗ್ ಬುಕ್ಸ್ ಕನ್ನಡದ ಇ-ಪುಸ್ತಕ ಮತ್ತು ಕೇಳು ಪುಸ್ತಕಗಳನ್ನು ಮೊಬೈಲ್ ಆ್ಯಪ್ ಮೂಲಕ ಮಾರುತ್ತದೆ. ಋತುಮಾನ ಬಳಗವು ಸಾಹಿತ್ಯಕ ಬರಹಗಳ ಜಾಲತಾಣದಿಂದ ಬೆಳೆದು ಪುಸ್ತಕ ಪ್ರಕಟಣೆ ಮತ್ತು ಮಾರಾಟಕ್ಕೂ ಕೈಹಾಕಿತು. ನವಕರ್ನಾಟಕ, ಸಪ್ನ, ಟೋಟಲ್ ಕನ್ನಡ ಮೊದಲಾದ ಮಳಿಗೆಗಳಿಗೆ ತಮ್ಮದೇ ಆನ್‌ಲೈನ್ ಅಂಗಡಿಗಳಿವೆ. ವೀರಲೋಕ ಸಂಸ್ಥೆ ನಡೆಸುವ ಪುಸ್ತಕ ಸಂತೆಗಳಲ್ಲಿ ಲೇಖಕರೇ ಮಳಿಗೆಗಳಲ್ಲಿ ನಿಂತು ಓದುಗರಿಗೆ ಪುಸ್ತಕ ಕೊಡುತ್ತಾರೆ. 1993ರಲ್ಲಿ ಸ್ಥಾಪನೆಯಾದ ಕನ್ನಡ ಪುಸ್ತಕ ಪ್ರಾಧಿಕಾರ ರಾಜ್ಯೋತ್ಸವದ ತಿಂಗಳಲ್ಲಿ ತನ್ನ ಪುಸ್ತಕಗಳನ್ನು ರಿಯಾಯಿತಿ ದರದಲ್ಲಿ ಮಾರುತ್ತದೆ.

ಇವೆಲ್ಲಕ್ಕಿಂತ ವ್ಯಾಪಕವಾದದ್ದು ಮೊಬೈಲ್ ಸಂಖ್ಯೆ ಮತ್ತು ಯುಪಿಐ. ಲೇಖಕರು ಹೊಸ ಪುಸ್ತಕದ ಮುಖಪುಟವನ್ನು ಸಾಮಾಜಿಕ ಜಾಲತಾಣದಲ್ಲಿ ಹಾಕಿ ಸಂಖ್ಯೆಯೊಂದನ್ನು ಕೊಡುತ್ತಾರೆ. ಓದುಗರು ಹಣ ಕಳುಹಿಸಿ ವಿಳಾಸ ಬರೆಯುತ್ತಾರೆ. ಸಹಿ ಮಾಡಿದ ಪ್ರತಿ ಅಂಚೆಯಲ್ಲಿ ಹೊರಡುತ್ತದೆ. ಲೆಕ್ಕಾಚಾರ ಸರಳ. 200 ರೂಪಾಯಿಯ ಪುಸ್ತಕವನ್ನು ಮಾರಾಟಗಾರನಿಗೆ ಶೇಕಡಾ 35 ರಿಯಾಯಿತಿಯಲ್ಲಿ ಕೊಟ್ಟರೆ ಪ್ರಕಾಶಕನಿಗೆ 130 ರೂಪಾಯಿ ಬರುತ್ತದೆ, ಅದೂ ತಿಂಗಳುಗಳ ನಂತರ. ನೇರವಾಗಿ ಮಾರಿದರೆ, ಶೇಕಡಾ 10 ರಿಯಾಯಿತಿ ಕೊಟ್ಟರೂ 180 ರೂಪಾಯಿ ಆ ದಿನವೇ ಕೈಸೇರುತ್ತದೆ. ಸಾವಿರ ಪ್ರತಿಗಳ ಮುದ್ರಣವೇ ಸಾಮಾನ್ಯವಾಗಿರುವ ಭಾಷೆಯಲ್ಲಿ ಈ 50 ರೂಪಾಯಿಯ ಅಂತರ ಮುಂದಿನ ಪುಸ್ತಕ ಬರುತ್ತದೆಯೋ ಇಲ್ಲವೋ ಎಂಬುದನ್ನು ನಿರ್ಧರಿಸಬಲ್ಲದು. ಹಣದ ಜೊತೆಗೆ ಇನ್ನೊಂದು ಲಾಭವೂ ಇದೆ: ಪುಸ್ತಕ ಬರೆದವರು ಯಾರೆಂಬ ಪ್ರಶ್ನೆಗೆ ಇಲ್ಲಿ ಪ್ರಮಾಣಮುದ್ರೆ ಬೇಕಾಗುವುದಿಲ್ಲ, ಫೋನ್ ಎತ್ತುವುದು ಲೇಖಕರೇ.

ಅಂಚೆಯ ಪ್ರಶ್ನೆ

ನೇರ ಮಾರಾಟದ ಬೆನ್ನೆಲುಬು ಅಂಚೆ ಇಲಾಖೆ. ದಶಕಗಳ ಕಾಲ ಪ್ರಕಾಶಕರು ನೆಚ್ಚಿಕೊಂಡಿದ್ದ ರಿಜಿಸ್ಟರ್ಡ್ ಬುಕ್ ಪೋಸ್ಟ್ ಸೇವೆಯನ್ನು ಇಲಾಖೆ 2024ರ ಡಿಸೆಂಬರ್ 18ರಂದು ಪೂರ್ವಸೂಚನೆಯಿಲ್ಲದೆ ನಿಲ್ಲಿಸಿತು. ಸಣ್ಣ ಪ್ರಕಾಶಕರಿಗೆ ಇದು ದೊಡ್ಡ ಹೊಡೆತವಾಯಿತು. ಪುಸ್ತಕದ ಬೆಲೆಗೂ ಸಾಗಣೆಯ ವೆಚ್ಚಕ್ಕೂ ತಾಳಮೇಳವೇ ಇಲ್ಲದಂತಾಯಿತು. 2025ರ ಮೇ 1ರಿಂದ 'ಜ್ಞಾನ ಪೋಸ್ಟ್' ಎಂಬ ಹೊಸ ಸೇವೆ ಜಾರಿಗೆ ಬಂದಿತು. ತೆರಿಗೆ ಬಿಟ್ಟು, 300 ಗ್ರಾಂವರೆಗಿನ ಕಟ್ಟಿಗೆ 20 ರೂಪಾಯಿ, 5 ಕಿಲೋಗ್ರಾಂಗೆ 100 ರೂಪಾಯಿ ಅದರ ದರ. ಶೈಕ್ಷಣಿಕ, ಸಾಮಾಜಿಕ, ಸಾಂಸ್ಕೃತಿಕ ಮತ್ತು ಧಾರ್ಮಿಕ ಪುಸ್ತಕಗಳಿಗೆ ಈ ಸೇವೆ ಮೀಸಲು. ವಾಣಿಜ್ಯ ಸ್ವರೂಪದ ಪ್ರಕಟಣೆಗಳಿಗೆ ಇಲ್ಲ. ದೊಡ್ಡ ಮಳಿಗೆಗಳಿಗೆ ತಮ್ಮದೇ ಸಾಗಣೆ ಜಾಲವಿರುವುದರಿಂದ ಅಂಚೆ ದರದ ಏರಿಳಿತ ಅವುಗಳನ್ನು ಅಷ್ಟಾಗಿ ತಟ್ಟುವುದಿಲ್ಲ. ಕೃತಕ ಬುದ್ಧಿಮತ್ತೆಯ ಚರ್ಚೆಯಲ್ಲಿ ಅಂಚೆಯ ಮಾತು ಅಪ್ರಸ್ತುತವೆನಿಸಬಹುದು, ಆದರೆ ದೊಡ್ಡ ಮಳಿಗೆಯನ್ನು ಬಿಡಲು ನಿರ್ಧರಿಸಿದ ಲೇಖಕ ಮೊದಲು ಹೋಗಿ ನಿಲ್ಲಬೇಕಾದದ್ದು ಅಂಚೆ ಕಚೇರಿಯ ಸಾಲಿನಲ್ಲೇ.

ಗಡಿಭಾಗದಲ್ಲಿ

ಬೆಳಗಾವಿ ಜಿಲ್ಲೆಯ ಉತ್ತರ ಭಾಗದಲ್ಲಿ, ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ ಮತ್ತು ಕಾಗವಾಡ ತಾಲೂಕುಗಳ ಓದುಗರಿಗೆ ಈ ವಿಷಯ ವಿಶೇಷವಾಗಿ ಅನ್ವಯಿಸುತ್ತದೆ. ಕಾಗವಾಡ ತಾಲೂಕಿನ ಜುಗೂಳ ಕೃಷ್ಣಾ ನದಿಯ ದಂಡೆಯ ಮೇಲಿನ ಗ್ರಾಮ. ಮಹಾರಾಷ್ಟ್ರದ ಗಡಿ ಪಕ್ಕದಲ್ಲೇ ಇದೆ. ಹತ್ತಿರದ ದೊಡ್ಡ ಪೇಟೆಗಳಾದ ಮೀರಜ, ಸಾಂಗಲಿ, ಇಚಲಕರಂಜಿ ಮೂರೂ ಮಹಾರಾಷ್ಟ್ರದವು. ಅಲ್ಲಿನ ಅಂಗಡಿಗಳ ಪುಸ್ತಕಭಾಷೆ ಮರಾಠಿ. ಜಿಲ್ಲಾ ಕೇಂದ್ರ ಬೆಳಗಾವಿ ನೂರು ಕಿಲೋಮೀಟರಿಗೂ ದೂರ, ಧಾರವಾಡ ಅದಕ್ಕಿಂತಲೂ ಆಚೆ. ಇಂತಹ ಊರಿಗೆ ಹೊಸ ಕನ್ನಡ ಪುಸ್ತಕ ಬರಬೇಕಾದರೆ ಅಂಚೆಯಲ್ಲಿ, ಕೊರಿಯರಿನಲ್ಲಿ ಇಲ್ಲವೇ ಮೊಬೈಲಿನಲ್ಲಿ ಬರಬೇಕು.

ಈ ಭಾಗದ ಭಾಷೆಗೂ ತನ್ನದೇ ಪ್ರಶ್ನೆಯಿದೆ. ಇದೇ ಕಾಗವಾಡ ತಾಲೂಕಿಗೆ ಈಗ ಸೇರಿರುವ ಶೇಡಬಾಳದ ಮಿರ್ಜಿ ಅಣ್ಣಾರಾಯ (1918–1975) ಅವರು 'ನಿಸರ್ಗ' ಕಾದಂಬರಿಯಲ್ಲಿ ಇಲ್ಲಿನ ಒಕ್ಕಲುತನದ ಜೈನ ಕುಟುಂಬಗಳ ಬದುಕನ್ನು ಈ ನೆಲದ ಆಡುಮಾತಿನಲ್ಲೇ ಚಿತ್ರಿಸಿದರು. ಮರಾಠಿಯೊಂದಿಗೆ ಬೆರೆತು ಬೆಳೆದ ಈ ಕನ್ನಡ ಪತ್ರಿಕೆಗಳಲ್ಲಿ, ಸರ್ಕಾರಿ ಆದೇಶಗಳಲ್ಲಿ, ಪಠ್ಯಪುಸ್ತಕಗಳಲ್ಲಿ ವಿರಳ. ಯಂತ್ರ ಕಲಿಯುವುದು ಹೆಚ್ಚಾಗಿ ಅಂತಹ ಶಿಷ್ಟ ಬರಹಗಳಿಂದ. ಆದ್ದರಿಂದ ಅದು ಬರೆಯುವ ಕನ್ನಡದಲ್ಲಿ ಅಥಣಿ-ಚಿಕ್ಕೋಡಿಯ ಮಾತಿನ ಜಾಡು ಕಾಣುವುದು ಅಪರೂಪ. ಆ ಮಾತು ಯಂತ್ರಕ್ಕೆ ಸಿಗಬೇಕೆಂದರೆ 'ನಿಸರ್ಗ'ದಂತಹ ಕೃತಿಗಳು ಸಿಗಬೇಕು. ಗಳಗನಾಥರ ಕೃತಿಗಳ ಹಕ್ಕುಸ್ವಾಮ್ಯ 2002ರ ಕೊನೆಗೇ ತೀರಿತು; ಅಣ್ಣಾರಾಯರ ಕೃತಿಗಳ ಹಕ್ಕು 2035ರ ಕೊನೆಯವರೆಗೆ ಅವರ ವಾರಸುದಾರರದು.

ಮಿತಿಗಳು

ನೇರ ಮಾರಾಟ ಎಲ್ಲ ಲೇಖಕರಿಗೂ ಒಗ್ಗುವುದಿಲ್ಲ. ಸಾಮಾಜಿಕ ಜಾಲತಾಣಗಳಲ್ಲಿ ಸಾವಿರಾರು ಅನುಯಾಯಿಗಳಿರುವ ಲೇಖಕರಿಗೆ ಅದು ಸುಲಭ. ಫೋನನ್ನು ಕರೆಗಷ್ಟೇ ಬಳಸುವ ಹಿರಿಯರಿಗೆ ಅಥವಾ ಮೊದಲ ಪುಸ್ತಕದ ಲೇಖಕರಿಗೆ ಕಷ್ಟ. ಕಟ್ಟು ಕಟ್ಟುವುದು, ವಿಳಾಸ ಬರೆಯುವುದು, ತಲುಪದ ಪುಸ್ತಕದ ದೂರಿಗೆ ಉತ್ತರಿಸುವುದು ಬರವಣಿಗೆಯ ಸಮಯವನ್ನು ತಿನ್ನುತ್ತವೆ. ಸ್ವಂತ ಮಾರಾಟ ನಡೆಸುವ ಹಲವರು ತಮ್ಮ ಪುಸ್ತಕಗಳನ್ನು ಅಮೆಜಾನ್‌ನಲ್ಲೂ ಇಡುತ್ತಾರೆ, ಇ-ಪುಸ್ತಕಗಳನ್ನು ಗೂಗಲ್ ಪ್ಲೇ ಮಳಿಗೆಗೂ ಏರಿಸುತ್ತಾರೆ. ಕೃತಕ ಬುದ್ಧಿಮತ್ತೆಯನ್ನು ಪೂರ್ತಿ ದೂರವಿಡುವುದೂ ಪ್ರಕಾಶಕರಿಗೆ ಸಾಧ್ಯವಾಗಿಲ್ಲ. ಮುಖಪುಟದ ಚಿತ್ರ, ಕರಡು ತಿದ್ದುವಿಕೆ, ಅನುವಾದದ ಮೊದಲ ಕರಡು ಇವುಗಳಿಗೆ ಯಂತ್ರದ ನೆರವು ಪಡೆಯುವ ರೂಢಿ ಕನ್ನಡದಲ್ಲೂ ಬೆಳೆಯುತ್ತಿದೆ. ಅದನ್ನು ಪುಸ್ತಕದಲ್ಲಿ ನಮೂದಿಸಬೇಕೆಂಬ ಕಾನೂನು ಭಾರತದಲ್ಲಿ ಇಲ್ಲ.